ಎರಡು ಇಂಟರ್ನೆಟ್ ಕಂಪನಿ, ಒಂದು ಬೆಂಬಲ ಪತ್ರ: ಟೌನ್ ಬೋರ್ಡ್ ಯಾರಿಗೆ ಸಹಿ ಹಾಕಬೇಕು?

ಪ್ರಶ್ನೆ: ನಾವಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ಭಾಗದ ಒಂದು ಟೌನ್‌ಶಿಪ್‌ನಲ್ಲಿ, ಅಂದರೆ ಕೌಂಟಿಯೊಳಗಿನ ಸಣ್ಣ ಸ್ಥಳೀಯ ಸರ್ಕಾರದಲ್ಲಿ. ಸುಮಾರು 300 ಮನೆ, ಹೆಚ್ಚಿನವು ಕೆರೆಗಳ ಸುತ್ತ ಚದುರಿಕೊಂಡಿವೆ. ಅದನ್ನು ನಡೆಸುವ ಮೂವರು ಸದಸ್ಯರ ಟೌನ್ ಬೋರ್ಡಿಗೆ ನಾನು ಹೊಸದಾಗಿ ಸೂಪರ್‌ವೈಸರ್ (ಸದಸ್ಯ) ಆಗಿದ್ದೇನೆ. ಒಂದು ಟೆಲಿಫೋನ್ ಸಹಕಾರಿ ಸಂಘ, ಒಂದು ಖಾಸಗಿ ಕಂಪನಿ, ಎರಡೂ ರಾಜ್ಯದ ಬ್ರಾಡ್‌ಬ್ಯಾಂಡ್ ಅನುದಾನಕ್ಕೆ ಅರ್ಜಿ ಹಾಕುತ್ತೇವೆ, ಬೆಂಬಲ ಪತ್ರ ಕೊಡಿ ಎಂದು ಕೇಳಿವೆ. ಬೇರೆಯವರಿಗೆ ಪತ್ರ ಕೊಡಬಾರದು, ಟೌನ್‌ಶಿಪ್ ಕಡೆಯಿಂದ 3 ಲಕ್ಷ ಡಾಲರ್ ಬೇಕು ಎಂಬುದು ಖಾಸಗಿ ಕಂಪನಿಯ ಷರತ್ತು. ಪತ್ರದ ಕರಡನ್ನೂ ಅವರೇ ಕಳಿಸಿದ್ದಾರೆ, ಮುಂದಿನ ವಾರವೇ ಸಹಿ ಬೇಕಂತೆ. ಇಬ್ಬರಿಗೂ ಕೊಟ್ಟರೆ ತಪ್ಪೇ? ಇಂಥ ಪತ್ರಕ್ಕೆ ನಿಜವಾಗಿ ಬೆಲೆ ಇದೆಯೇ?

ಉತ್ತರ: ಮುಂದಿನ ವಾರ ಸಹಿ ಹಾಕಬೇಡಿ. ಅವರು ಕಳಿಸಿದ ಕರಡಿಗಂತೂ ಹಾಕಲೇಬೇಡಿ. ಹಾಗೆಂದು ಪತ್ರ ಕೊಡಬಾರದೆಂದಲ್ಲ. ಕೊಡಬೇಕು, ಅದಕ್ಕೆ ಬೆಲೆಯೂ ಇದೆ. ಆದರೆ ಅನುದಾನದ ಒಪ್ಪಂದ ನಡೆಯುವುದು ರಾಜ್ಯ ಸರ್ಕಾರಕ್ಕೂ ಕಂಪನಿಗೂ ಮಧ್ಯೆ. ಅದರಲ್ಲಿ ಟೌನ್‌ಶಿಪ್‌ಗೆ ಜಾಗವಿಲ್ಲ. ಕಂಪನಿಯ ಮೇಲೆ ನಿಮಗಿರುವ ಹಿಡಿತ ಸಹಿ ಬೀಳುವ ತನಕ ಮಾತ್ರ. ಕೇಳಬೇಕಾದದ್ದನ್ನೆಲ್ಲ ಅಷ್ಟರೊಳಗೆ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಬೇಕು.

ಮೊದಲು, ಅವರು ಹೇಳುತ್ತಿರುವುದು ಯಾವ ಅನುದಾನ ಎಂದು ಖಚಿತ ಮಾಡಿಕೊಳ್ಳಿ. ಪತ್ರದ ತೂಕ ನಿಂತಿರುವುದು ಇದರ ಮೇಲೆ. ಮಿನ್ನೆಸೋಟ ರಾಜ್ಯದ ಬ್ರಾಡ್‌ಬ್ಯಾಂಡ್ ಅನುದಾನವಾದ ಬಾರ್ಡರ್ ಟು ಬಾರ್ಡರ್ ಯೋಜನೆ 2014ರಲ್ಲಿ ಶುರುವಾದದ್ದು, ರಾಜ್ಯದ ಆಫೀಸ್ ಆಫ್ ಬ್ರಾಡ್‌ಬ್ಯಾಂಡ್ ಡೆವಲಪ್‌ಮೆಂಟ್ ಅದನ್ನು ನಡೆಸುತ್ತದೆ. ಅರ್ಜಿಯಲ್ಲಿ ಸಮುದಾಯದ ಬೆಂಬಲಕ್ಕೆ ಪುರಾವೆ ಇರಬೇಕು ಎಂದು ಅದರ ಕಾನೂನೇ ಹೇಳುತ್ತದೆ. ನಾಗರಿಕರು, ಸ್ಥಳೀಯ ಸರ್ಕಾರ, ವ್ಯಾಪಾರಸ್ಥರು, ಸಂಸ್ಥೆಗಳು ಬಲವಾಗಿ ಬೆಂಬಲಿಸಿದ ಯೋಜನೆಗೆ ಆದ್ಯತೆ ಕೊಡಬಹುದೆಂಬುದೂ ಅದೇ ಕಾನೂನಿನಲ್ಲಿದೆ. ಹಾಗಾಗಿ ಇಲ್ಲಿ ನಿಮ್ಮ ಪತ್ರ ಅರ್ಜಿಯ ಅಂಗವೇ ಆಗುತ್ತದೆ. ಕೇಂದ್ರ ಸರ್ಕಾರದ ಬ್ರಾಡ್‌ಬ್ಯಾಂಡ್ ಅನುದಾನವಾದ ಬೀಡ್ ಯೋಜನೆಯ ಕಥೆ ಬೇರೆ. 2021ರ ಮೂಲಸೌಕರ್ಯ ಕಾಯ್ದೆಯಡಿ ಒಟ್ಟು 4,245 ಕೋಟಿ ಡಾಲರ್, ಅದರಲ್ಲಿ ಮಿನ್ನೆಸೋಟಕ್ಕೆ ಸುಮಾರು 65 ಕೋಟಿ ಡಾಲರ್ ಹಂಚಿಕೆಯಾಗಿತ್ತು. 2025ರ ಜೂನ್ 6ರಂದು ಅದನ್ನು ನಡೆಸುವ ಕೇಂದ್ರ ಸಂಸ್ಥೆ ಎನ್‌ಟಿಐಎ ನಿಯಮ ಬದಲಾಯಿಸಿ, ಕಡಿಮೆ ಅನುದಾನದಲ್ಲಿ ಯಾರು ಮಾಡುತ್ತಾರೋ ಅವರಿಗೆ ಎಂಬ ಲೆಕ್ಕಕ್ಕೆ ಬಂತು. ಅಲ್ಲಿ ಊರಿನ ಪತ್ರದಿಂದ ಫಲಿತಾಂಶ ತಿರುಗುವುದು ಕಷ್ಟ. ವರ್ಜೀನಿಯಾದಲ್ಲಿ ಇನ್ನೊಂದು ತುದಿ. ಅಲ್ಲಿನ ರಾಜ್ಯ ಅನುದಾನಕ್ಕೆ ಸ್ಥಳೀಯ ಸರ್ಕಾರವೇ ಅರ್ಜಿದಾರ, ಕಂಪನಿ ಅದರ ಪಾಲುದಾರ. ‘ಬೇರೆ ರಾಜ್ಯದಲ್ಲಿ ಹೀಗೆ ಮಾಡಿದ್ದಾರೆ’ ಎಂದು ಯಾರಾದರೂ ಮಾದರಿ ಪತ್ರ ತಂದರೆ ಇದು ನೆನಪಿರಲಿ.

ಊರಿನಲ್ಲಿ ಗ್ರಾಮ ಪಂಚಾಯಿತಿಯ ಎನ್‌ಒಸಿ ನೋಡಿ ಬೆಳೆದವರಿಗೆ ಈ ಪತ್ರವೂ ಅದೇ ಬಗೆಯದ್ದು ಅನ್ನಿಸಬಹುದು. ಹಾಗಲ್ಲ. ಬೆಂಬಲ ಪತ್ರದಿಂದ ರಸ್ತೆ ಅಂಚು ಅಗೆಯುವ ಅನುಮತಿ ಸಿಗುವುದಿಲ್ಲ, ಪತ್ರ ಇಲ್ಲವೆಂದು ಕಂಪನಿ ಕೆಲಸ ಮಾಡಬಾರದು ಎಂದೂ ಇಲ್ಲ. ಟೌನ್‌ಶಿಪ್ ರಸ್ತೆಗೆ ನಿಮ್ಮ ಬೋರ್ಡ್, ಕೌಂಟಿ ರಸ್ತೆಗೆ ಕೌಂಟಿ ಎಂಜಿನಿಯರ್, ರಾಜ್ಯ ಹೆದ್ದಾರಿಗೆ ರಾಜ್ಯದ ಸಾರಿಗೆ ಇಲಾಖೆ, ರೈಲು ಹಳಿ ದಾಟಲು ರೈಲ್ವೆ ಕಂಪನಿ, ಕೆರೆ ತೊರೆಗಳ ಅಡಿಯಲ್ಲಿ ಹಾಯಲು ನೈಸರ್ಗಿಕ ಸಂಪನ್ಮೂಲ ಇಲಾಖೆ, ಹೀಗೆ ಅನುಮತಿಗಳೆಲ್ಲ ಬೇರೆ ಬೇರೆ. ಕಂಪನಿಯ ಕರಡಿನಲ್ಲಿ ‘ಟೌನ್‌ಶಿಪ್ ತನ್ನ ಎಲ್ಲ ರಸ್ತೆ ಅಂಚುಗಳ ಬಳಕೆಗೆ ಒಪ್ಪುತ್ತದೆ’ ಎಂಬಂಥ ಸಾಲು ನುಸುಳಿದೆಯೇ ನೋಡಿ. ಇದ್ದರೆ ಅಳಿಸಿ.

ಈಗ ಒಂದು ಪರೀಕ್ಷೆ. ಕಂಪನಿಯ ಸಿದ್ಧತೆ ಎಷ್ಟು ಗಟ್ಟಿ ಎಂದು ಇದರಲ್ಲೇ ತಿಳಿಯುತ್ತದೆ. ಬಾರ್ಡರ್ ಟು ಬಾರ್ಡರ್ ಅನುದಾನಕ್ಕೆ ಅರ್ಜಿ ಹಾಕುವವರು ಕನಿಷ್ಠ ಆರು ವಾರ ಮೊದಲೇ, ಆ ಪ್ರದೇಶದಲ್ಲಿ ಈಗಾಗಲೇ ಇರುವ ಎಲ್ಲ ಬ್ರಾಡ್‌ಬ್ಯಾಂಡ್ ಕಂಪನಿಗಳಿಗೂ ಪತ್ರ ಬರೆಯಬೇಕು. ನೀವೇ ಇಲ್ಲಿ ವೇಗ ಹೆಚ್ಚಿಸುವ ಯೋಚನೆ ಇದೆಯೇ, ಯಾವಾಗ ಎಂದು ಕೇಳಬೇಕು. ಆ ಪತ್ರಗಳ ಪ್ರತಿ, ಕಳಿಸಿದ ದಿನಾಂಕ, ಬಂದ ಉತ್ತರ ತೋರಿಸಿ ಎಂದು ಇಬ್ಬರನ್ನೂ ಕೇಳಿ. ನಿಮ್ಮ ಸಹಿಗೆ ಒಂದು ವಾರ ಗಡುವು ಕೊಟ್ಟವರು ಆ ಪತ್ರಗಳನ್ನು ಇನ್ನೂ ಕಳಿಸಿಯೇ ಇಲ್ಲವಾದರೆ, ಅವಸರ ನಿಮ್ಮದಲ್ಲ ಎಂದಾಯಿತು.

ಅದರ ಜೊತೆಗೇ ಜಾಗದ ಅರ್ಹತೆ ನೋಡಬೇಕು. ಮಿನ್ನೆಸೋಟದ ಲೆಕ್ಕದಲ್ಲಿ ತಂತಿಯ ಮೂಲಕ 25 ಎಂಬಿಪಿಎಸ್ ಡೌನ್‌ಲೋಡ್, 3 ಎಂಬಿಪಿಎಸ್ ಅಪ್‌ಲೋಡ್ ಇಲ್ಲದ ಮನೆ ‘ಸೇವೆಯಿಲ್ಲದ’ ಮನೆ. 100 ಡೌನ್‌ಲೋಡ್, 20 ಅಪ್‌ಲೋಡ್ (100/20) ಮುಟ್ಟದ್ದು ‘ಕಡಿಮೆ ಸೇವೆಯ’ ಮನೆ. ಕೇಂದ್ರದ ಸಂಪರ್ಕ ನಿಯಂತ್ರಣ ಆಯೋಗವಾದ ಎಫ್‌ಸಿಸಿಯ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ನಕ್ಷೆ ತೆರೆದು ಮನೆ ಮನೆಯ ಚುಕ್ಕಿ ನೋಡಿ. 2022ರ ನವೆಂಬರಿನಲ್ಲಿ ಈ ನಕ್ಷೆ ಬರುವ ಮೊದಲು, ಜನಗಣತಿಯ ಒಂದು ಬ್ಲಾಕಿನಲ್ಲಿ ಒಂದೇ ಮನೆಗೆ ಸೇವೆ ಇದ್ದರೂ ಇಡೀ ಬ್ಲಾಕಿಗೆ ಇದೆಯೆಂದು ಬರೆದುಕೊಳ್ಳುತ್ತಿದ್ದರು. ಕೆರೆ ಸುತ್ತಲಿನ ಎಷ್ಟೋ ಊರುಗಳು ಆ ಲೆಕ್ಕದಲ್ಲೇ ಬಿಟ್ಟುಹೋದವು. ಈಗ ಮನೆವಾರು ಲೆಕ್ಕ ಇದೆ, ಆದರೆ ಅದರಲ್ಲೂ ತಪ್ಪುಗಳಿವೆ. ತಪ್ಪಿದ್ದರೆ ಮನೆಯವರೇ ಆ ನಕ್ಷೆಯಲ್ಲಿ ಆಕ್ಷೇಪ ಸಲ್ಲಿಸಬಹುದು, ಕಂಪನಿ 60 ದಿನದೊಳಗೆ ಉತ್ತರ ಕೊಡಬೇಕು. ಬರೀ ಸ್ಪೀಡ್ ಟೆಸ್ಟಿನ ಚಿತ್ರ ಹೆಚ್ಚು ನಿಲ್ಲುವುದಿಲ್ಲ. ‘ನಿಮ್ಮ ವೈಫೈ ಸರಿಯಿಲ್ಲ, ನೀವು ಕಡಿಮೆ ಪ್ಲಾನ್ ತೆಗೆದುಕೊಂಡಿದ್ದೀರಿ’ ಎಂದು ಹೇಳಿ ಮುಗಿಸುತ್ತಾರೆ. ಸಂಪರ್ಕ ಕೇಳಿದಾಗ ‘ನಿಮ್ಮ ವಿಳಾಸಕ್ಕೆ ಕೊಡಲಾಗದು’ ಎಂದು ಬಂದ ಇಮೇಲ್, ಅಥವಾ ಕೇಳಿ 10 ಕೆಲಸದ ದಿನ ಕಳೆದರೂ ಜೋಡಣೆಗೆ ದಿನ ಗೊತ್ತುಮಾಡದಿರುವುದು, ಇವು ಗಟ್ಟಿ ಪುರಾವೆ. ಇಂಥ 20, 30 ಕಾಗದ ಸೇರಿಸಿಟ್ಟುಕೊಂಡರೆ ಅವನ್ನು ಪತ್ರದ ಜೊತೆಗೂ ಲಗತ್ತಿಸಬಹುದು.

ಇದೇ ಕಾಗದಗಳು ಇನ್ನೊಂದು ಹಂತದಲ್ಲಿ ನಿಮ್ಮನ್ನು ಕಾಯುತ್ತವೆ. ಅರ್ಜಿಗಳ ಗಡುವು ಮುಗಿದ ಮೇಲೆ ಯೋಜನೆಗಳ ನಕ್ಷೆಯನ್ನು ರಾಜ್ಯ ಪ್ರಕಟಿಸುತ್ತದೆ. ಈಗಿರುವ ಯಾವುದೇ ಕಂಪನಿ 30 ದಿನದೊಳಗೆ, ‘ಇಲ್ಲಿ ನಮ್ಮ ಸೇವೆ ಆಗಲೇ ಇದೆ’ ಎಂದೋ, ‘ಅನುದಾನ ಘೋಷಣೆಯಾದ 18 ತಿಂಗಳೊಳಗೆ ನಾವೇ ಕಟ್ಟಿ ಮುಗಿಸುತ್ತೇವೆ’ ಎಂದೋ ತಕರಾರು ಹಾಕಬಹುದು. ಅದನ್ನು ಒಪ್ಪಿದರೆ ನಿಮ್ಮೂರಿನ ಅರ್ಜಿ ಅಲ್ಲಿಗೆ ನಿಂತಿತು. ಮಾತು ಕೊಟ್ಟ ಕಂಪನಿ ಕಟ್ಟದೇ ಹೋದರೆ, ಅನುದಾನದ ಮುಂದಿನ ಎರಡು ಸುತ್ತು ಅದೇ ಕಂಪನಿಯ ತಕರಾರಿನ ಮೇಲೆ ಸಾಮಾನ್ಯವಾಗಿ ಅರ್ಜಿ ತಳ್ಳುವಂತಿಲ್ಲ ಎಂಬ ನಿಯಮವಿದೆ. ಆದರೆ ಅಷ್ಟರಲ್ಲಿ ವರ್ಷಗಳು ಹೋಗಿರುತ್ತವೆ.

ಇನ್ನೊಂದು ನಕ್ಷೆಯೂ ಇದೆ, ಎಫ್‌ಸಿಸಿಯ ಫಂಡಿಂಗ್ ಮ್ಯಾಪ್. ನಿಮ್ಮ ಜಾಗಕ್ಕೆ ಬೇರೆ ಯಾವುದಾದರೂ ಕೇಂದ್ರ ಅನುದಾನದ ಬದ್ಧತೆ ಆಗಲೇ ಕೂತಿದೆಯೇ ಎಂದು ಅದರಲ್ಲಿ ನೋಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. 2020ರ ಡಿಸೆಂಬರಿನಲ್ಲಿ ಫಲಿತಾಂಶ ಬಂದ ಎಫ್‌ಸಿಸಿಯ ಗ್ರಾಮೀಣ ಬ್ರಾಡ್‌ಬ್ಯಾಂಡ್ ಅನುದಾನದ ಹರಾಜಿನಲ್ಲಿ ಒಂದು ಸಣ್ಣ ಕಂಪನಿ 15 ರಾಜ್ಯಗಳಲ್ಲಿ ಒಟ್ಟು 132 ಕೋಟಿ ಡಾಲರ್ ಗೆದ್ದಿತು. ಅದರಲ್ಲಿ ಮಿನ್ನೆಸೋಟದ ಪಾಲು ದೊಡ್ಡದಿತ್ತು. ಇಷ್ಟು ಕೆಲಸ ಮಾಡುವ ಶಕ್ತಿ ಇದಕ್ಕಿಲ್ಲ ಎಂದು 2022ರ ಆಗಸ್ಟಿನಲ್ಲಿ ಎಫ್‌ಸಿಸಿಯೇ ಅರ್ಜಿ ತಿರಸ್ಕರಿಸಿತು. ಆ ನಡುವಿನ ಕಾಲದಲ್ಲಿ, ‘ಇಲ್ಲಿಗೆ ಹಣ ಗೊತ್ತಾಗಿದೆಯಲ್ಲ’ ಎಂಬ ಕಾರಣಕ್ಕೆ ಆ ಊರುಗಳಿಗೆ ಬೇರೆ ಅನುದಾನ ಸಿಗುವುದು ಕಷ್ಟವಾಯಿತು. ಕೈಲಾಗದವರು ಅನುದಾನ ಗೆದ್ದರೆ ಏನೂ ಗೆಲ್ಲದಿದ್ದದ್ದಕ್ಕಿಂತ ಹೆಚ್ಚು ನಷ್ಟ. ಬೆಂಬಲ ಪತ್ರ ಬರೆಯುವವರು ಕಂಪನಿಯ ಸಾಮರ್ಥ್ಯ ವಿಚಾರಿಸಲೇಬೇಕು ಎನ್ನುವುದು ಇದಕ್ಕೇ.

ಹಾಗಾದರೆ ಏನೇನು ಕೇಳಬೇಕು? ಎಲ್ಲಕ್ಕಿಂತ ಮೊದಲು ವಿಳಾಸಗಳ ಪಟ್ಟಿ. ‘ನಿಮ್ಮ ಟೌನ್‌ಶಿಪ್ ಪೂರ್ತಿ’ ಎಂಬ ಮಾತು ಸಾಲದು. ಯಾವ ಯಾವ ವಿಳಾಸ ಯೋಜನೆಯಲ್ಲಿದೆ, ಯಾವುದು ಇಲ್ಲ, ಬಿಟ್ಟದ್ದು ಏಕೆ ಎಂದು ಕೇಳಿ. ರಸ್ತೆಯ ಉದ್ದಕ್ಕೆ ಒತ್ತಾಗಿರುವ 200 ಮನೆ ತೆಗೆದುಕೊಂಡು, ಕೆರೆಯ ಆಚೆ ದಡದ 40 ಮನೆ ಬಿಡುವುದು ಕಂಪನಿಗೆ ಲಾಭದ ದಾರಿ. ಆ 40 ಮನೆ ಮುಂದೆ ಪ್ರತ್ಯೇಕ ಯೋಜನೆಯಾಗಿ ನಿಲ್ಲಲಾರದು, ತಲಾ ಖರ್ಚು ಅಷ್ಟು ಏರಿರುತ್ತದೆ. ಇಡೀ ಯೋಜನೆಯಲ್ಲಿ ನೀವು ಗಟ್ಟಿಯಾಗಿ ನಿಲ್ಲಬೇಕಾದ ಜಾಗ ಇದು. ನನ್ನ ದೃಷ್ಟಿಯಲ್ಲಿ ದರಕ್ಕಿಂತಲೂ ಇದು ಮುಖ್ಯ.

ಎರಡನೆಯದು ಡ್ರಾಪ್, ಅಂದರೆ ರಸ್ತೆಯಿಂದ ಮನೆಗೆ ಎಳೆಯುವ ಕೊನೆಯ ಕೇಬಲ್. ‘300 ಮನೆಗೆ ತಲುಪುತ್ತೇವೆ’ ಎಂದು ಕಂಪನಿ ಬರೆದರೆ ಅದು ಮನೆ ಮುಂದಿನ ರಸ್ತೆಯಲ್ಲಿ ಫೈಬರ್ ಹಾದುಹೋಗುತ್ತದೆ ಎಂದಷ್ಟೇ ಇರಬಹುದು. ಕೆರೆ ದಡದ ಮನೆಗಳಿಗೆ ರಸ್ತೆಯಿಂದ 1,000, 2,000 ಅಡಿ ಡ್ರೈವ್‌ವೇ ಇರುವುದುಂಟು. ಎಷ್ಟು ಅಡಿಯವರೆಗೆ ಡ್ರಾಪ್ ಉಚಿತ, ಮೀರಿದರೆ ಅಡಿಗೆ ಎಷ್ಟು, ಬಂಡೆ ಸಿಕ್ಕರೆ ಯಾರ ಖರ್ಚು, ನಿರ್ಮಾಣದ ಸಮಯದಲ್ಲಿ ಹೇಳದೆ ಎರಡು ವರ್ಷ ಬಿಟ್ಟು ಸಂಪರ್ಕ ಕೇಳಿದವರಿಗೆ ಯಾವ ದರ, ಬೇಸಿಗೆಗೆ ಮಾತ್ರ ಬರುವ ಕ್ಯಾಬಿನ್‌ಗಳಿಗೆ ಏನು ವ್ಯವಸ್ಥೆ? ಅನುದಾನ ಬಂದು, ಫೈಬರ್ ಹೂತು, ಕೊನೆಗೆ ಜನ ಬೋರ್ಡಿನ ಮೇಲೆ ಸಿಟ್ಟಾಗುವುದು ಬಹುತೇಕ ಈ ಡ್ರಾಪಿನ ಬಿಲ್ ನೋಡಿದಾಗ.

ಮೂರನೆಯದು ದರ ಮತ್ತು ವೇಗ. ಈ ಅನುದಾನದಲ್ಲಿ ಕಟ್ಟಿದ ಜಾಲವನ್ನು ಮುಂದೆ ಎರಡೂ ದಿಕ್ಕಿಗೆ 100 ಎಂಬಿಪಿಎಸ್‌ಗೆ ಏರಿಸಲು ಬರಬೇಕು. ಫೈಬರ್‌ಗೆ ಇದು ದೊಡ್ಡ ಮಾತಲ್ಲ. ವೈರ್‌ಲೆಸ್ ಆದರೆ ಟವರ್ ಎಲ್ಲಿ, ಮಧ್ಯೆ ಮರಗಳಿದ್ದರೆ ಏನು, ಒಂದು ಟವರಿಗೆ ಎಷ್ಟು ಮನೆ ಎಂದು ಕೇಳಿ. ಉತ್ತರ ಮಿನ್ನೆಸೋಟದ ಪೈನ್ ಕಾಡು ಸಿಗ್ನಲ್ ನುಂಗುತ್ತದೆ. ದರದಲ್ಲಿ, ಮೊದಲ ವರ್ಷದ ರಿಯಾಯಿತಿ ಬೆಲೆಯ ಜೊತೆ ಎರಡನೆಯ ವರ್ಷದ ಪೂರ್ಣ ಬೆಲೆ, ರೂಟರ್ ಬಾಡಿಗೆ, ಡೇಟಾ ಮಿತಿ ಬರೆದುಕೊಡಲಿ.

ಹಣದ ಪ್ರಶ್ನೆ ಕೇಳಲು ಸಂಕೋಚ ಬೇಡ. ಇಂಥ ಅನುದಾನ ಸಾಮಾನ್ಯವಾಗಿ ಖರ್ಚು ಮಾಡಿ ಬಿಲ್ ಕೊಟ್ಟ ಮೇಲೆ ಬರುವಂಥದ್ದು. ಹಾಗಾಗಿ ಕಂಪನಿಯ ಬಳಿ ಮೊದಲೇ ಸ್ವಂತ ಹಣವೋ ಬ್ಯಾಂಕಿನ ಒಪ್ಪಿಗೆಯೋ ಇರಬೇಕು. ಹಿಂದೆ ಅನುದಾನದಲ್ಲಿ ಮುಗಿಸಿದ ಮೂರು ಯೋಜನೆಗಳ ಹೆಸರು ಕೇಳಿ, ಆ ಟೌನ್‌ಶಿಪ್‌ಗಳ ಕ್ಲರ್ಕ್‌ಗಳಿಗೆ ನೀವೇ ಫೋನ್ ಮಾಡಿ. ಹೇಳಿದ ವರ್ಷಕ್ಕೆ ಮುಗಿಯಿತೇ, ಅಗೆದ ಅಂಗಳ ಸರಿ ಮಾಡಿದರೇ, ದೂರು ಕೊಟ್ಟರೆ ಫೋನ್ ಎತ್ತುತ್ತಾರೇ? ಹತ್ತು ನಿಮಿಷದ ಆ ಮಾತು ಕಂಪನಿಯ ಬಣ್ಣದ ಪುಸ್ತಿಕೆಗಿಂತ ಹೆಚ್ಚು ತಿಳಿಸುತ್ತದೆ.

ಇನ್ನು ಆ 3 ಲಕ್ಷ ಡಾಲರ್. ಪತ್ರವನ್ನೂ ಹಣವನ್ನೂ ಒಂದೇ ಕಾಗದದಲ್ಲಿ ಬೆರೆಸಬೇಡಿ. ಸುಮ್ಮನೆ ಒಂದು ಲೆಕ್ಕ ಹಾಕೋಣ. 300 ಮನೆ, ಒಟ್ಟು ಖರ್ಚು 30 ಲಕ್ಷ ಡಾಲರ್ ಎಂದಿಟ್ಟುಕೊಂಡರೆ ಮನೆಗೆ 10,000. ಸಾಮಾನ್ಯವಾಗಿ ರಾಜ್ಯ ಖರ್ಚಿನ 50 ಶೇಕಡಾವರೆಗೆ ಕೊಡುತ್ತದೆ, ಅಂದರೆ 15 ಲಕ್ಷ. ನಿಮ್ಮ 3 ಲಕ್ಷ ಕಳೆದರೆ ಕಂಪನಿಯದು 12 ಲಕ್ಷ. ಆದರೆ ಮನೆಗಳು ತೀರಾ ವಿರಳವಾಗಿರುವ ಜಾಗಗಳಿಗೆ 75 ಶೇಕಡಾವರೆಗೆ ಕೊಡುವ ಪ್ರತ್ಯೇಕ ವಿಭಾಗವನ್ನೂ ರಾಜ್ಯ ನಡೆಸಿದೆ. ಅದರಲ್ಲಿ ಅರ್ಜಿ ಹಾಕಿದರೆ ರಾಜ್ಯದ್ದೇ 22.5 ಲಕ್ಷ, ಉಳಿದದ್ದು 7.5 ಲಕ್ಷ. ಆಗಲೂ ನೀವು 3 ಲಕ್ಷ ಕೊಟ್ಟರೆ ಕಂಪನಿ ಹಾಕುವುದು ಬರೀ 4.5 ಲಕ್ಷ, ಜಾಲದ ಪೂರ್ಣ ಒಡೆತನ ಮಾತ್ರ ಅವರದ್ದೇ. ಯಾವ ವಿಭಾಗದಲ್ಲಿ ಅರ್ಜಿ ಎಂದು ಗೊತ್ತಾಗದೆ ಹಣದ ಮಾತೇ ಬೇಡ. ಸ್ಥಳೀಯ ಹಣ ಸೇರಿದರೆ ಅರ್ಜಿಗೆ ಬಲ ಬರುವುದು ನಿಜ. ಬೇರೆ ಮೂಲಗಳಿಂದ ಹೆಚ್ಚು ಹಣ ತರುವ ಯೋಜನೆಗೂ ಕಾನೂನಿನಲ್ಲಿ ಆದ್ಯತೆ ಇದೆ. ಆದರೆ ಟೌನ್‌ಶಿಪ್‌ನ ತೆರಿಗೆ ಎಷ್ಟೆಂದು ತೀರ್ಮಾನಿಸುವುದು ಮಾರ್ಚ್ ತಿಂಗಳ ಎರಡನೆಯ ಮಂಗಳವಾರ ನಡೆಯುವ ವಾರ್ಷಿಕ ಸಭೆಯಲ್ಲಿ ಮತದಾರರು. ಮೂವರು ಸೂಪರ್‌ವೈಸರ್‌ಗಳು ಪತ್ರದಲ್ಲಿ ‘ಕೊಡುತ್ತೇವೆ’ ಎಂದು ಬರೆಯುವಂತಿಲ್ಲ. ಪ್ರತಿ ಮನೆಗೆ 1,000 ಡಾಲರ್ ಎಂದರೆ, ಹತ್ತು ವರ್ಷಕ್ಕೆ ಹಂಚಿದರೂ ಬಡ್ಡಿ ಬಿಟ್ಟು ವರ್ಷಕ್ಕೆ ಸರಾಸರಿ 100. ತೆರಿಗೆ ಬೀಳುವುದು ಆಸ್ತಿಯ ಮೌಲ್ಯದ ಮೇಲಾದ್ದರಿಂದ ಕೆಲವರಿಗೆ ಇದಕ್ಕಿಂತ ಬಹಳ ಹೆಚ್ಚು. ಅದನ್ನು ಸಭೆಯಲ್ಲಿ ಹಲಗೆಯ ಮೇಲೆ ಬರೆದು ತೋರಿಸಿ, ಜನರೇ ನಿರ್ಧರಿಸಲಿ. ಇಂಥ ಉದ್ದೇಶಕ್ಕೆ ಖರ್ಚು ಮಾಡಲು ಟೌನ್‌ಶಿಪ್‌ಗೆ ಅಧಿಕಾರ ಇದೆಯೇ ಎಂದು ನಿಮ್ಮ ವಕೀಲರಿಂದ ಮೊದಲೇ ಬರಹದಲ್ಲಿ ಪಡೆಯಿರಿ. ಕೊಡುವುದಾದರೆ ಪ್ರತ್ಯೇಕ ಒಪ್ಪಂದ ಮಾಡಿ, ಇಷ್ಟು ವಿಳಾಸ ಜೋಡಣೆಯಾದಾಗ ಇಷ್ಟು ಎಂದು ಕಂತು ಕಟ್ಟಿ. ಕೊನೆಯ ಕಂತು ಆ ಆಚೆ ದಡದ ಮನೆಗಳು ಜೋಡಣೆಯಾದ ಮೇಲೆಯೇ ಇರಲಿ.

ಇಬ್ಬರಿಗೂ ಪತ್ರ ಕೊಡಬಹುದೇ ಎಂಬುದು ನಿಮ್ಮ ಮುಖ್ಯ ಪ್ರಶ್ನೆ. ಕಾನೂನಿನ ತಡೆ ಇಲ್ಲ. ಎರಡು ಯೋಜನೆಗಳ ಜಾಗ ಬೇರೆ ಬೇರೆಯಾದರೆ ಖಂಡಿತ ಇಬ್ಬರಿಗೂ ಕೊಡಿ. ಜಾಗ ಒಂದೇ ಆದರೆ, ಒಂದೇ ಬೋರ್ಡ್ ಎರಡೂ ಅರ್ಜಿಗೆ ‘ಬಲವಾಗಿ ಬೆಂಬಲಿಸುತ್ತೇವೆ’ ಎಂದು ಬರೆದದ್ದು ಪರಿಶೀಲಕರ ಮೇಜಿನ ಮೇಲೆ ಅಕ್ಕಪಕ್ಕ ಕೂರುತ್ತದೆ, ಎರಡಕ್ಕೂ ತೂಕ ಕಡಿಮೆಯಾಗುತ್ತದೆ. ಅದಕ್ಕೆ ಎರಡು ದಾರಿ. ಒಂದು, ಕಂಪನಿಯ ಹೆಸರೇ ಹೇಳದೆ ಊರಿನ ಅಗತ್ಯವನ್ನು ಪುರಾವೆ ಸಮೇತ ಬರೆದು, ಕೇಳಿದವರಿಗೆಲ್ಲ ಕೊಡುವುದು. ಇದು ನ್ಯಾಯವಾದದ್ದು, ಆದರೆ ಸ್ವಲ್ಪ ಸಪ್ಪೆ. ಇನ್ನೊಂದು, ಮೇಲಿನ ಪ್ರಶ್ನೆಗಳನ್ನೇ ಒಂದು ಪುಟಕ್ಕೆ ಇಳಿಸಿ, ಒಂದೇ ದಿನ ಇಬ್ಬರಿಗೂ ಕಳಿಸಿ, ಮೂರು ವಾರ ಸಮಯ ಕೊಟ್ಟು, ಉತ್ತರ ನೋಡಿ ಒಬ್ಬರನ್ನು ಆರಿಸುವುದು. ನಿಮ್ಮಂಥ ಊರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಆದರೆ ಆರಿಸಿದ ಮೇಲೂ ‘ಬೇರೆಯವರಿಗೆ ಕೊಡುವುದಿಲ್ಲ’ ಎಂಬ ಸಾಲು ಬೇಡ. ಆ ಕಂಪನಿಗೆ ಅನುದಾನ ಸಿಗದಿದ್ದರೆ ಮುಂದಿನ ಸುತ್ತಿಗೆ ನಿಮ್ಮ ಕೈ ಕಟ್ಟಿಹಾಕಿದಂತಾಗುತ್ತದೆ. ಪತ್ರದಲ್ಲಿ ‘ಈ ಸುತ್ತಿನ ಅರ್ಜಿಗೆ ಮಾತ್ರ’ ಎಂದು ಬರೆಯಿರಿ, ಅದೇ ಸಾಕು. ನಕ್ಷೆ ಗುಟ್ಟಾಗಿಡಿ ಎಂಬ ಗೋಪ್ಯತಾ ಒಪ್ಪಂದಕ್ಕೂ ಬೋರ್ಡ್ ಸಹಿ ಹಾಕಬಾರದು. ಊರಿನ ಸಭೆಯಲ್ಲಿ ತೋರಿಸಲಾಗದ ನಕ್ಷೆಗೆ ಊರಿನ ಬೆಂಬಲ ಕೇಳುವುದು ಸರಿಯಲ್ಲ.

ತೀರ್ಮಾನ ಮಾಡುವ ರೀತಿಯಲ್ಲೂ ಎಚ್ಚರ ಬೇಕು. ಸಭೆಗಳು ಸಾರ್ವಜನಿಕರ ಎದುರೇ ನಡೆಯಬೇಕೆನ್ನುವ ರಾಜ್ಯದ ಓಪನ್ ಮೀಟಿಂಗ್ ಕಾನೂನು ಟೌನ್‌ಶಿಪ್‌ಗಳಿಗೂ ಅನ್ವಯಿಸುತ್ತದೆ. ಮೂವರ ಬೋರ್ಡಿನಲ್ಲಿ ಇಬ್ಬರು ಸೇರಿದರೆ ಕೋರಂ, ಅಂದರೆ ಸಭೆಗೆ ಬೇಕಾದಷ್ಟು ಜನ. ಆದ್ದರಿಂದ ನೀವೂ ಇನ್ನೊಬ್ಬ ಸೂಪರ್‌ವೈಸರೂ ಕಂಪನಿಯವರ ಜೊತೆ ಕಾಫಿಗೆ ಕೂತು ಈ ವಿಷಯ ಮಾತಾಡಿದರೆ ಅದೇ ಅಕ್ರಮ ಸಭೆ ಎನ್ನಿಸಿಕೊಳ್ಳಬಹುದು, ಇಮೇಲಿನಲ್ಲೇ ಒಪ್ಪಿಗೆ ಮುಗಿಸುವುದೂ ಹಾಗೆಯೇ. ಮಾಮೂಲಿ ಸಭೆಯ ಕಾರ್ಯಸೂಚಿಗೆ ಹಾಕಿ. ವಿಶೇಷ ಸಭೆಯಾದರೆ ಕನಿಷ್ಠ ಮೂರು ದಿನ ಮೊದಲು ನೋಟಿಸ್ ಅಂಟಿಸಬೇಕು. ಅಧ್ಯಕ್ಷರೊಬ್ಬರೇ ಲೆಟರ್‌ಹೆಡ್ ಮೇಲೆ ಬರೆದ ಪತ್ರಕ್ಕಿಂತ, ನಿರ್ಣಯ ಮಂಡಿಸಿ, ಮತ ಹಾಕಿ, ಕ್ಲರ್ಕ್ ದೃಢೀಕರಿಸಿದ ನಿರ್ಣಯದ ಪ್ರತಿ ಜೊತೆಗಿರುವ ಪತ್ರ ಹೆಚ್ಚು ನಿಲ್ಲುತ್ತದೆ. ಸೂಪರ್‌ವೈಸರ್ ಒಬ್ಬರು ಆ ಸಹಕಾರಿ ಸಂಘದ ಬರೀ ಗ್ರಾಹಕ-ಸದಸ್ಯರಾದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ನಿರ್ದೇಶಕರೋ ನೌಕರರೋ ಆಗಿದ್ದರೆ ಸಭೆಯಲ್ಲಿ ಹೇಳಿ ಮತದಿಂದ ಹೊರಗಿರಲಿ.

ಪತ್ರದ ಒಡಲು ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿ. ಕಳಿಸುವುದು ಇಂಗ್ಲಿಷಿನಲ್ಲಾದರೂ ತಿರುಳು ಇಷ್ಟು:

‘ನಮ್ಮ ಟೌನ್‌ಶಿಪ್‌ನಲ್ಲಿ ಇಷ್ಟು ವಿಳಾಸಗಳಿವೆ. ಅವುಗಳಲ್ಲಿ ಇಷ್ಟಕ್ಕೆ 100/20 ಸೇವೆ ಇಲ್ಲ. ಇಷ್ಟು ಮನೆಯವರು ಸೇವೆ ಕೇಳಿ ನಿರಾಕರಣೆ ಪಡೆದ ಕಾಗದ ಲಗತ್ತಿಸಿದೆ. ಇಂಥ ದಿನಾಂಕದ ನಕ್ಷೆಯಲ್ಲಿ ತೋರಿಸಿದ ಇಷ್ಟು ವಿಳಾಸಗಳಿಗೆ ಫೈಬರ್ ಒದಗಿಸುವ ಈ ಅರ್ಜಿದಾರರ ಯೋಜನೆಯನ್ನು, ಇಂಥ ದಿನದ ಬಹಿರಂಗ ಸಭೆಯಲ್ಲಿ ಇಷ್ಟು ಮತಗಳಿಂದ ಬೋರ್ಡ್ ಬೆಂಬಲಿಸಿದೆ. ಇಂಥ ದಿನಾಂಕದ ಪತ್ರದಲ್ಲಿ ಅರ್ಜಿದಾರರು ನೀಡಿರುವ ಡ್ರಾಪ್, ದರ ಮತ್ತು ಅವಧಿಯ ಭರವಸೆಗಳನ್ನು ಆಧರಿಸಿ ಈ ಬೆಂಬಲ ನೀಡಲಾಗಿದೆ. ಪೂರ್ಣಗೊಂಡ ರಸ್ತೆ ಅಂಚಿನ ಅರ್ಜಿಯನ್ನು ಮುಂದಿನ ಮಾಮೂಲಿ ಸಭೆಯಲ್ಲೇ ಕೈಗೆತ್ತಿಕೊಳ್ಳುತ್ತೇವೆ. ಗ್ರಾಹಕರ ನೋಂದಣಿ ಸಭೆಗಳಿಗೆ ಟೌನ್ ಹಾಲ್ ಬಿಟ್ಟುಕೊಡುತ್ತೇವೆ. ಈ ಬೆಂಬಲ ಈ ಸುತ್ತಿನ ಅರ್ಜಿಗೆ ಮಾತ್ರ.’

‘ಭರವಸೆಗಳನ್ನು ಆಧರಿಸಿ’ ಎಂಬ ವಾಕ್ಯ ಬಿಡಬೇಡಿ. ಕಂಪನಿಯ ಉತ್ತರ ಪತ್ರವನ್ನೂ ಲಗತ್ತಿಸಿದರೆ ಆ ಮಾತುಗಳು ಅರ್ಜಿಯ ಕಡತ ಸೇರುತ್ತವೆ. ಮುಂದೆ ಆಚೆ ದಡದ ಮನೆ ಕೈಬಿಟ್ಟರೆ ಅನುದಾನ ಕಚೇರಿಗೆ ತೋರಿಸಲು ನಿಮ್ಮ ಕೈಯಲ್ಲಿ ಕಾಗದ ಇರುತ್ತದೆ. ಬೋರ್ಡಿನ ಪತ್ರದ ಜೊತೆ ಶಾಲೆ, ಕ್ಲಿನಿಕ್, ಅಗ್ನಿಶಾಮಕ ದಳ, ರೆಸಾರ್ಟ್ ನಡೆಸುವವರು ಸ್ವಂತ ಮಾತಿನಲ್ಲಿ ಬರೆದ ಕೆಲವು ಪತ್ರಗಳು ಸೇರಲಿ. ಒಂದೇ ನಮೂನೆಗೆ 60 ಜನ ಸಹಿ ಹಾಕಿದ್ದಕ್ಕಿಂತ, ದಿನವೂ ಏನು ತೊಂದರೆ ಎಂದು ವಿವರಿಸಿದ ಆರು ಪತ್ರ ಮೇಲು.

ಅನುದಾನ ಬಂದರೆ ನೆಲ ಹೆಪ್ಪುಗಟ್ಟದ ತಿಂಗಳುಗಳಷ್ಟೇ ಕೆಲಸಕ್ಕೆ ಸಿಗುವುದು. ರಸ್ತೆ ಅಂಚಿನ ಅನುಮತಿ ಚಳಿಗಾಲದಲ್ಲೇ ಮುಗಿಸಿಡಿ. ಅಗೆಯುವ ಮೊದಲು 811ಕ್ಕೆ ಕರೆ ಮಾಡಿ ನೆಲದಡಿಯ ಕೇಬಲ್, ಪೈಪುಗಳಿಗೆ ಗುರುತು ಹಾಕಿಸುವುದು ಗುತ್ತಿಗೆದಾರರ ಹೊಣೆ. ಆದರೆ ಮನೆಯವರ ಸ್ವಂತ ಪ್ರೊಪೇನ್ ಪೈಪು, ಸೆಪ್ಟಿಕ್ ಕೊಳವೆ, ನಾಯಿಗೆ ಹಾಕಿದ ನೆಲದಡಿಯ ಬೇಲಿ ತಂತಿಗೆ 811ರ ಮೂಲಕ ಬಂದವರು ಗುರುತು ಹಾಕುವುದಿಲ್ಲ. ಅದನ್ನು ಮನೆಯವರೇ ತೋರಿಸಬೇಕೆಂದು ಕ್ಲರ್ಕ್ ಮೂಲಕ ಎಲ್ಲರಿಗೂ ಮೊದಲೇ ಚೀಟಿ ಹೋಗಲಿ. ಅನುದಾನ ಬರದಿದ್ದರೆ, ಅರ್ಜಿ ಎಲ್ಲಿ ಸೋತಿತು ಎಂದು ಅನುದಾನ ಕಚೇರಿಗೆ ಬರೆದು ಕೇಳಿ. ಒಂದೆರಡು ಮನೆ ಮಾತ್ರ ಉಳಿದಿದ್ದರೆ, ಇರುವ ಜಾಲವನ್ನು ಅಂಥ ಮನೆಗಳಿಗೆ ವಿಸ್ತರಿಸುವ ರಾಜ್ಯದ ಲೈನ್ ಎಕ್ಸ್‌ಟೆನ್ಷನ್ ಯೋಜನೆ ಆಗ ತೆರೆದಿದ್ದರೆ ಅದರಲ್ಲಿ ಮನೆಯವರೇ ವಿಳಾಸ ನೋಂದಾಯಿಸಬಹುದು. ಈ ವಾರ ನೀವು ಮಾಡಬೇಕಾದದ್ದು ಇಷ್ಟೇ: ಎರಡೂ ಕಂಪನಿಗೆ ಒಂದೇ ಪ್ರಶ್ನಾವಳಿ, ಒಂದೇ ಗಡುವು, ಮತ್ತು ಆ ಆರು ವಾರದ ಪತ್ರಗಳ ಪ್ರತಿ ಬೇಕೆಂಬ ಕೋರಿಕೆ.